ಒಳಗೆ ಬೈಯುವ ದನಿ ದೇವರದ್ದಾ?

ಪ್ರಶ್ನೆ: ನನಗೆ 37 ವರ್ಷ. ಶಿಕ್ಷಕಿ. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಸಂಡೇ ಸ್ಕೂಲ್ ಪಾಠವನ್ನೂ ಮಾಡುತ್ತೇನೆ. ನೋಡಿದವರಿಗೆ ನಾನು ಸಮಾಧಾನದ ಹೆಂಗಸು. ಒಳಗೆ ಮಾತ್ರ ಇಡೀ ದಿನ ಯಾರೋ ಬೈಯುತ್ತಿರುತ್ತಾರೆ. 'ನಿನ್ನ ಕೈಲಿ ಏನೂ ಆಗಲ್ಲ', 'ನೀನು ಕಪಟಿ', 'ನಿನ್ನ ನಿಜವಾದ ಬಣ್ಣ ಗೊತ್ತಾದರೆ ಒಬ್ಬರೂ ಹತ್ತಿರ ಸೇರಿಸಲ್ಲ'. ಹೋದ ತಿಂಗಳು ಆಸ್ಪತ್ರೆಯಲ್ಲಿದ್ದ ಗೆಳತಿಯನ್ನು ನೋಡಲು ಬರುತ್ತೇನೆ ಎಂದಿದ್ದೆ, ಮರೆತುಬಿಟ್ಟೆ. ನಾಲ್ಕು ಸಲ ಕ್ಷಮೆ ಕೇಳಿದೆ. ಅವಳು 'ಬಿಡೇ, ಅದೇನು ದೊಡ್ಡದು' ಅಂದಳು. ನನಗೆ ಬಿಡಲು ಆಗುತ್ತಿಲ್ಲ. ರಾತ್ರಿ ದೀಪ ಆರಿಸಿದ ಕೂಡಲೇ ಶುರುವಾಗುತ್ತದೆ. ಒಂದೇ ಪಾಪಕ್ಕೆ ಮತ್ತೆ ಮತ್ತೆ ದೇವರಲ್ಲಿ ಕ್ಷಮೆ ಬೇಡುತ್ತೇನೆ, ಸರಿಯಾಗಿ ಬೇಡಲಿಲ್ಲವೇನೋ ಅಂತ ಮತ್ತೆ ಎದ್ದು ಕೂರುತ್ತೇನೆ. 'ಹೊರೆಹೊತ್ತವರೇ, ನನ್ನ ಬಳಿಗೆ ಬನ್ನಿರಿ' ಎಂಬ ವಚನ ಓದಿದರೆ ಈಗ ಅಳು ಬರುತ್ತದೆ. ವಿಶ್ರಾಂತಿ ಪಡೆಯುವುದರಲ್ಲೂ ಫೇಲಾದೆ ಅನ್ನಿಸುತ್ತದೆ. ಸಭೆಯ ಹಿರಿಯರೊಬ್ಬರು 'ನಿನ್ನ ವಿಶ್ವಾಸ ಕಡಿಮೆ, ಇನ್ನೂ ಜಾಸ್ತಿ ಪ್ರಾರ್ಥನೆ ಮಾಡು' ಅಂದರು. ಈ ದನಿ ಪವಿತ್ರಾತ್ಮನದ್ದಾ? ಕೌನ್ಸೆಲಿಂಗ್‌ಗೆ ಹೋದರೆ ದೇವರನ್ನು ನಂಬಿಲ್ಲ ಅಂತ ಆಗುತ್ತದಾ? ಬೈದುಕೊಳ್ಳುವುದನ್ನೇ ಬಿಟ್ಟರೆ ನಾನು ಸೋಮಾರಿಯಾಗಿ, ಪಾಪಕ್ಕೆ ಹೆದರದವಳಾಗಿ ಹೋಗುವುದಿಲ್ಲವಾ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು 'ನಾಲ್ಕು ಸಲ' ಎನ್ನುವ ಮಾತಿನ ಮೇಲೆ. ಆ ಲೆಕ್ಕವನ್ನು ನಿಮ್ಮ ಗೆಳತಿ ಇಟ್ಟಿರಲಾರರು. ನೀವು ಇಟ್ಟಿದ್ದೀರಿ.

ನಾನು ಆಪ್ತಸಮಾಲೋಚಕಿ, ಯೇಸುವನ್ನು ನಂಬಿದವಳೂ ಹೌದು. ನೀವು ಬರೆದಂಥ ಮಾತನ್ನು ನನ್ನೆದುರು ಕೂತು ಹೇಳಿದವರು ಬಹಳ ಜನ. ಅವರಲ್ಲಿ ಸಭಾಪಾಲಕರಿದ್ದಾರೆ, ಸಿಸ್ಟರ್‌ಗಳಿದ್ದಾರೆ, ಆರಾಧನೆಯಲ್ಲಿ ಮುಂದೆ ನಿಂತು ಹಾಡುವವರಿದ್ದಾರೆ. ದೇವರ ವಿಷಯವನ್ನು ಉಡಾಫೆಯಿಂದ ನೋಡುವವರು 'ನಾನು ಕಪಟಿಯೇನೋ' ಅಂತ ಅಳುತ್ತಾ ಬಂದದ್ದನ್ನು ಮಾತ್ರ ನಾನು ಇದುವರೆಗೆ ಕಂಡಿಲ್ಲ. ಹಾಗಾಗಿ ಈ ದನಿ ಇದೆ ಅಂದ ಮಾತ್ರಕ್ಕೆ ನಿಮ್ಮ ವಿಶ್ವಾಸ ಸಣ್ಣದು ಎಂದು ಅಂದುಕೊಳ್ಳಬೇಡಿ.

ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಅವುಗಳ ಅಡಿಯಲ್ಲಿ ಇನ್ನೊಂದು ಕೂತಿದೆ: ಇಷ್ಟು ನಂಬಿದರೂ ವಿಶ್ರಾಂತಿ ಯಾಕೆ ಸಿಗುತ್ತಿಲ್ಲ? ನನಗೆ ಅನ್ನಿಸುವುದು, ನೀವು ಹಿಂದುಮುಂದು ಮಾಡಿಕೊಂಡಿದ್ದೀರಿ. ಮೊದಲು ಈ ದನಿ ಸುಮ್ಮನಾಗಬೇಕು, ಆಮೇಲೆ ವಿಶ್ರಾಂತಿ ಎಂದು ಕಾಯುತ್ತಿದ್ದೀರಿ. ದನಿ ಸುಮ್ಮನಾಗುವುದಿಲ್ಲ, ವಿಶ್ರಾಂತಿ ಬರುವುದಿಲ್ಲ, ಆಗ ದನಿಗೆ ಬೈಯಲು ಇನ್ನೊಂದು ವಿಷಯ ಸಿಕ್ಕಿದ ಹಾಗಾಯಿತು. ನಾನು ಹೇಳಹೊರಟಿರುವುದು ಇಷ್ಟೇ, ಅದು ಮಾತಾಡುತ್ತಿರುವಾಗಲೇ ನೀವು ಮಲಗಬಹುದು. ಆ ಮಾತಿಗೆ ಆಮೇಲೆ ಬರುತ್ತೇನೆ, ಮೊದಲು ನಿಮ್ಮ ಪ್ರಶ್ನೆಗಳು.

ಇದು ಪವಿತ್ರಾತ್ಮನ ದನಿಯಾ? ನೀವು ಬರೆದಿರುವ ವಾಕ್ಯಗಳನ್ನು ನೋಡಿದರೆ, ಅಲ್ಲ. ಪವಿತ್ರಾತ್ಮನು ಪಾಪದ ಅರಿವು ಕೊಡುತ್ತಾನೆ, ಅದು ನಿಜ. ಆದರೆ ಆ ಅರಿವು ಬರುವ ರೀತಿಯೇ ಬೇರೆ. 'ಗೆಳತಿಯನ್ನು ನೋಡಲು ಹೋಗಬೇಕಿತ್ತು, ಮರೆತೆ, ಫೋನ್ ಮಾಡು' ಎನ್ನುವುದು ಒಂದು ಮಾತು. 'ನೀನು ಕಪಟಿ' ಎನ್ನುವುದು ಇನ್ನೊಂದು ಮಾತು. ಮೊದಲನೆಯದರಲ್ಲಿ ಒಂದು ತಪ್ಪು ಇದೆ, ಅದಕ್ಕೆ ಮಾಡಬಹುದಾದ ಒಂದು ಕೆಲಸವೂ ಇದೆ. ಎರಡನೆಯದರಲ್ಲಿ ಮಾಡಲಿಕ್ಕೆ ಏನೂ ಇಲ್ಲ, ಕುಗ್ಗಿ ಕೂರುವುದೊಂದೇ. ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ (7:10) ದುಃಖದಲ್ಲಿ ಎರಡು ಬಗೆ ಎನ್ನುತ್ತಾನೆ. ಒಂದು ಮನುಷ್ಯನನ್ನು ತಿರುಗಿಸಿ ಬದುಕಿನ ಕಡೆಗೆ ತರುತ್ತದೆ, ಇನ್ನೊಂದು ಮರಣದ ಕಡೆಗೆ ಎಳೆಯುತ್ತದೆ. ನೋವು ಎರಡರಲ್ಲೂ ಇದೆ. ಹಾಗಾಗಿ ಎಷ್ಟು ನೋಯುತ್ತಿದೆ ಎಂಬುದರ ಮೇಲೆ ತೀರ್ಮಾನ ಮಾಡಬೇಡಿ, ಎಲ್ಲಿಗೆ ಕರೆದುಕೊಂಡು ಹೋಗುತ್ತಿದೆ ಎಂದು ನೋಡಿ.

ಇದೇ ಗೊಂದಲದಲ್ಲಿ ನರಳಿದವರೊಬ್ಬರು ಲೊಯೊಲಾದ ಇಗ್ನೇಷಿಯಸ್. ಯುದ್ಧದಲ್ಲಿ ಕಾಲು ಮುರಿದುಕೊಂಡು ಮಲಗಿದ್ದಾಗ ದೇವರ ಕಡೆ ತಿರುಗಿದ ಸೈನಿಕ. 1522ರಲ್ಲಿ ಸ್ಪೇನಿನ ಮನ್ರೇಸಾ ಎಂಬಲ್ಲಿದ್ದಾಗ, ಹಳೆಯ ಪಾಪಗಳನ್ನೆಲ್ಲ ಸರಿಯಾಗಿ ಹೇಳಿಕೊಂಡೆನೋ ಇಲ್ಲವೋ ಎಂಬ ಸಂಶಯ ಅವರನ್ನು ತಿಂದುಹಾಕಿತು. ಮತ್ತೆ ಮತ್ತೆ ಪಾಪನಿವೇದನೆ ಮಾಡಿದರು, ಒಂದು ವಾರ ಪೂರ್ತಿ ಉಪವಾಸ ಹಿಡಿದರು, ಬದುಕೇ ಬೇಡ ಅನ್ನಿಸುವ ಮಟ್ಟಕ್ಕೆ ಹೋದರು. ಕೊನೆಗೆ ಅವರು ಮಾಡಿದ್ದು ಇನ್ನಷ್ಟು ನಿವೇದನೆಯಲ್ಲ. ಹಳೆಯದನ್ನು ಇನ್ನು ಮುಂದೆ ನಿವೇದಿಸುವುದಿಲ್ಲ ಎಂದು ನಿಲ್ಲಿಸಿದರು. ಆಮೇಲೆ ಅವರು ಬರೆದಿಟ್ಟ ಗುರುತೊಂದು ನನಗೆ ಬಹಳ ಉಪಯೋಗಕ್ಕೆ ಬಂದಿದೆ. ದೇವರ ಕಡೆ ನಡೆಯುತ್ತಿರುವ ಮನಸ್ಸನ್ನು ಒಳ್ಳೆಯ ಆತ್ಮ ಮುಟ್ಟುವುದು ಸ್ಪಂಜಿನೊಳಗೆ ನೀರಿನ ಹನಿ ಇಳಿದ ಹಾಗೆ, ಕೆಟ್ಟದ್ದು ಮುಟ್ಟುವುದು ಕಲ್ಲಿನ ಮೇಲೆ ಹನಿ ಬಿದ್ದು ಸಿಡಿದ ಹಾಗೆ ಎನ್ನುತ್ತಾರೆ ಅವರು. ರಾತ್ರಿ ಹನ್ನೊಂದೂವರೆಗೆ ನಿಮ್ಮ ಹಾಸಿಗೆಯಲ್ಲಿ ಆಗುವುದು ಯಾವುದು, ನೀವೇ ಹೇಳಿ.

ಇಲ್ಲಿ ಒಂದು ಎಚ್ಚರಿಕೆ. 'ಹಾಗಾದರೆ ಇದು ಸೈತಾನನೇ' ಎಂದು ಹಾರಿಬಿಡಬೇಡಿ. ಪ್ರಕಟನೆ 12:10ರಲ್ಲಿ ಸೈತಾನನನ್ನು ಹಗಲಿರುಳು ದೂರು ಹೇಳುವವನು ಎಂದು ಕರೆದಿರುವುದು ನಿಜ, ದೂರುವುದು ಯಾರ ಕಸುಬು ಎಂದು ತಿಳಿಯಲು ಆ ಮಾತು ಸಾಕು. ಆದರೆ ಪ್ರತಿ ಬೈಗುಳಕ್ಕೂ ದೆವ್ವವನ್ನು ಹುಡುಕಲು ಹೊರಟವರು ತಮ್ಮ ಮನಸ್ಸಿಗೆ ತಾವೇ ಹೆದರುವುದನ್ನು ನಾನು ಕಂಡಿದ್ದೇನೆ. ಬಹಳಷ್ಟು ಸಲ ಆ ದನಿ ಅಷ್ಟೇನೂ ನಿಗೂಢವಲ್ಲ. ಅದು ಹಳೆಯ ಮನುಷ್ಯರ ದನಿ.

ಅದು ಹುಟ್ಟುವುದು ಹೀಗೆ. ಸಣ್ಣವರಿದ್ದಾಗ ಬೈಗುಳ ಬರುವ ಮೊದಲೇ ನಮ್ಮನ್ನು ನಾವು ಬೈದುಕೊಂಡರೆ ಹೊರಗಿನ ಪೆಟ್ಟು ಸ್ವಲ್ಪ ಕಡಿಮೆಯಾಗುತ್ತದೆ ಎಂದು ಮಗು ಕಲಿಯುತ್ತದೆ. ಮನೆಯಲ್ಲಿ ಯಾರೂ ಕ್ರೂರಿಗಳಾಗಿರಬೇಕಿಲ್ಲ. ಅಂಕ ಬಂದಾಗ ಮಾತ್ರ ನಗುವ ಮುಖ, 'ಅವಳನ್ನು ನೋಡಿ ಕಲಿ' ಎನ್ನುವ ಮಾತು, ಇಷ್ಟೇ ಸಾಕು. ಆ ಕಾವಲು ನಾಯಿ ಅಂದು ನಿಮ್ಮನ್ನು ಕಾಯಲೆಂದೇ ಬೊಗಳಲು ಶುರುಮಾಡಿದ್ದು. ಈಗ ಕಳ್ಳರಿಲ್ಲ, ಗಾಳಿಗೆ ಎಲೆ ಅಲುಗಿದರೂ ಬೊಗಳುತ್ತದೆ. ಮನೋವೈದ್ಯ ಏರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಯ ರೋಗಿಗಳಲ್ಲಿ ಇದನ್ನು ಗಮನಿಸಿ 'ತಾನಾಗಿ ಬರುವ ಯೋಚನೆಗಳು' ಎಂದು ಹೆಸರಿಟ್ಟರು. ಅವು ಕರೆಯದೆ ಬರುತ್ತವೆ, ಚಿಕ್ಕದಾಗಿ ಬರುತ್ತವೆ, ಬಂದ ಕೂಡಲೇ ನಿಜ ಅನ್ನಿಸಿಬಿಡುತ್ತವೆ. ನಿಜ ಅನ್ನಿಸುವುದಕ್ಕೂ ನಿಜವಾಗಿರುವುದಕ್ಕೂ ಇರುವ ದೂರವನ್ನು ತೋರಿಸುವುದೇ ನನ್ನಂಥವರ ಅರ್ಧ ಕೆಲಸ.

ರಾತ್ರಿಯೇ ಯಾಕೆ ಜೋರು? ಕೈಗೆ ಕೆಲಸ ಇಲ್ಲದಾಗ ಮಿದುಳು ಆಫ್ ಆಗುವುದಿಲ್ಲ. 2001ರಲ್ಲಿ ಮಾರ್ಕಸ್ ರೇಯ್ಕಲ್ ಎಂಬ ನರವಿಜ್ಞಾನಿ ಮತ್ತು ಅವರ ತಂಡ ವಿವರಿಸಿದ ಪ್ರಕಾರ, ನಾವು ಸುಮ್ನೆ ಕೂತಾಗಲೇ ಚುರುಕಾಗುವ ಮಿದುಳಿನ ಭಾಗಗಳಿವೆ. ನಮ್ಮ ಬಗ್ಗೆ ನಾವು ಯೋಚಿಸುವುದು, ಹಳೆಯದನ್ನು ನೆನೆಯುವುದು ಎಲ್ಲ ಅಲ್ಲಿನ ವ್ಯವಹಾರ. ಅಂದರೆ ದೀಪ ಆರಿಸಿದ ಕೂಡಲೇ ದನಿ ಏಳುವುದು ದೇವರು ನಿಮ್ಮನ್ನು ಒಂಟಿಯಾಗಿ ಹಿಡಿದು ವಿಚಾರಣೆ ಮಾಡುತ್ತಿದ್ದಾನೆ ಎಂಬುದಕ್ಕೆ ಸಾಕ್ಷಿಯಲ್ಲ. ಹಗಲೆಲ್ಲ ಗದ್ದಲದಲ್ಲಿ ಕೇಳಿಸದ ಗಡಿಯಾರ ರಾತ್ರಿ ಟಿಕ್ ಟಿಕ್ ಎಂದು ಕೇಳಿಸುವುದಿಲ್ಲವೇ, ಅಷ್ಟೇ. ಆಮೇಲೆ ನಾವು ಆ ಯೋಚನೆಯ ಹಿಂದೆ ಗಾಣದ ಎತ್ತಿನ ಹಾಗೆ ಸುತ್ತುತ್ತೇವೆ. ಎತ್ತು ದಿನವಿಡೀ ನಡೆಯುತ್ತದೆ, ಒಂದು ಮಾರೂ ಮುಂದೆ ಹೋಗಿರುವುದಿಲ್ಲ. ಆದರೂ ಗಾಣದ ಎತ್ತು ಸುತ್ತಿದರೆ ಎಣ್ಣೆಯಾದರೂ ಬರುತ್ತದೆ.

ವಿಶ್ವಾಸಿಗಳಲ್ಲಿ ಇದಕ್ಕೆ ಇನ್ನೊಂದು ಗೊಬ್ಬರ ಬೀಳುತ್ತದೆ: ಅರ್ಧ ಕಲಿತ ಉಪದೇಶ. 'ಪರಲೋಕದ ತಂದೆ ಪರಿಪೂರ್ಣನಾಗಿರುವಂತೆ ನೀವೂ ಪರಿಪೂರ್ಣರಾಗಿರಿ' ಎಂಬುದನ್ನು ಒಂಟಿಯಾಗಿ ಕಿತ್ತು ಗೋಡೆಗೆ ಹಾಕಿಕೊಂಡರೆ ಅದು ಚಾಟಿಯಾಗುತ್ತದೆ. ಮತ್ತಾಯ 5ರಲ್ಲಿ ಅದರ ಹಿಂದಿನ ಸಾಲುಗಳನ್ನು ಓದಿ. ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಮಳೆ ಸುರಿಸುವ ತಂದೆಯ ಹಾಗೆ ವೈರಿಯನ್ನೂ ಪ್ರೀತಿಸಿ ಎಂಬ ಮಾತು ಅಲ್ಲಿದೆ. ತಪ್ಪೇ ಮಾಡದಿರುವ ಪರಿಪೂರ್ಣತೆಯಲ್ಲ, ಪ್ರೀತಿಯಲ್ಲಿ ಭೇದ ಮಾಡದಿರುವ ಪರಿಪೂರ್ಣತೆ. ಆ ಮಳೆ ನಿಮ್ಮ ಮೇಲೂ ಬೀಳಬೇಕಲ್ವಾ?

ಹಾಗೆಯೇ 'ನನ್ನನ್ನು ನಾನು ಹಳಿದುಕೊಳ್ಳುವುದೇ ದೀನತೆ' ಎಂಬ ನಂಬಿಕೆ. ನನಗೆ ಇದರ ಮೇಲೆ ಸ್ವಲ್ಪ ಸಿಟ್ಟೇ ಇದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ಪೌಲ ಹೇಳುವುದನ್ನು ನೋಡಿ: ನೀವು ನನ್ನನ್ನು ವಿಚಾರಿಸಿ ತೀರ್ಪು ಕೊಟ್ಟರೂ ನನಗೆ ಅದು ಬಹಳ ಅಲ್ಪ, ನಾನೂ ನನ್ನನ್ನು ವಿಚಾರಿಸಿಕೊಳ್ಳುವುದಿಲ್ಲ, ವಿಚಾರಿಸುವವನು ಕರ್ತನು. ಸಭೆಯನ್ನು ಹಿಂಸಿಸಿದ ಮನುಷ್ಯ ಹೇಳುವ ಮಾತಿದು. ತನ್ನ ಹಳೆಯದನ್ನು ಆತ ಎಲ್ಲೂ ಮುಚ್ಚಿಡುವುದಿಲ್ಲ, ಆದರೆ ನ್ಯಾಯಾಧೀಶನ ಕುರ್ಚಿಯಿಂದ ಎದ್ದುಬಿಟ್ಟಿದ್ದಾನೆ. ನೀವು ಆ ಕುರ್ಚಿಯಲ್ಲಿ ರಾತ್ರಿಯೂ ಕೂತಿದ್ದೀರಿ. ಸುಸ್ತಾಗದೆ ಇರುತ್ತದೆಯೇ?

ಇನ್ನು ಬೈದುಕೊಳ್ಳುವುದನ್ನು ಬಿಟ್ಟರೆ ಹಾಳಾಗುತ್ತೇನಾ ಎಂಬ ಭಯ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರಿಗೆ ಇದೇ ದೊಡ್ಡ ಭಯ, ಚಾಟಿ ಬಿಟ್ಟರೆ ಕುದುರೆ ನಿಂತುಬಿಡುತ್ತದೆ ಅಂತ. ಸಂಶೋಧನೆ ಹೇಳುವುದು ಬೇರೆ. 2010ರಲ್ಲಿ ಮೈಕೆಲ್ ವೋಲ್ ಮತ್ತು ಸಂಗಡಿಗರು ಪರೀಕ್ಷೆಗೆ ಓದುವುದನ್ನು ಮುಂದೂಡಿದ ಕಾಲೇಜು ವಿದ್ಯಾರ್ಥಿಗಳನ್ನು ಗಮನಿಸಿದರು. ಮೊದಲ ಪರೀಕ್ಷೆಗೆ ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಮುಂದೂಡಿದ್ದು ಕಡಿಮೆ. 2012ರಲ್ಲಿ ಜುಲಿಯಾನಾ ಬ್ರೈನ್ಸ್ ಮತ್ತು ಸೆರೆನಾ ಚೆನ್ ನಡೆಸಿದ ಪ್ರಯೋಗದಲ್ಲಿ, ಒಂದು ಪರೀಕ್ಷೆ ಕೆಟ್ಟದಾಗಿ ಮಾಡಿದ ಮೇಲೆ ತಮ್ಮ ಬಗ್ಗೆ ಮೃದುವಾಗಿ ಯೋಚಿಸಲು ಹೇಳಿಸಿಕೊಂಡವರು ಮುಂದಿನದಕ್ಕೆ ಜಾಸ್ತಿ ಹೊತ್ತು ಓದಿದರು. ಕಾರಣ ಸರಳ. ಬೈಸಿಕೊಂಡ ಮನಸ್ಸು ತಪ್ಪಿನ ಕಡೆ ನೋಡಲಿಕ್ಕೇ ಹೆದರುತ್ತದೆ, ಅಡಗಿಕೊಳ್ಳುತ್ತದೆ. ಏದೆನ್ ತೋಟದಲ್ಲಿ ಆದಾಮ ಮಾಡಿದ್ದೂ ಅದನ್ನೇ. ನಿಮ್ಮನ್ನೇ ಕೇಳುತ್ತೇನೆ, ನಿಮ್ಮ ಕ್ಲಾಸಿನಲ್ಲಿ ಗಣಿತ ತಪ್ಪಿದ ಮಗುವಿಗೆ 'ನಿನ್ನ ಕೈಲಿ ಏನೂ ಆಗಲ್ಲ' ಎಂದು ದಿನಾ ಹೇಳಿದರೆ ಅದು ಕಲಿಯುತ್ತದೆಯೇ? ನಿನ್ನಂತೆಯೇ ನಿನ್ನ ನೆರೆಯವನನ್ನು ಪ್ರೀತಿಸು ಎಂಬ ಆಜ್ಞೆಯಲ್ಲಿ 'ನಿನ್ನಂತೆಯೇ' ಎಂಬ ಮಾತೂ ಇದೆ.

ಈಗ ಸ್ವಲ್ಪ ಸೂಕ್ಷ್ಮವಾದದ್ದು. ಒಂದೇ ಪಾಪಕ್ಕೆ ಮತ್ತೆ ಮತ್ತೆ ಕ್ಷಮೆ ಬೇಡುತ್ತೇನೆ, ಸರಿಯಾಗಿ ಬೇಡಲಿಲ್ಲವೇನೋ ಅಂತ ಎದ್ದು ಕೂರುತ್ತೇನೆ ಎಂದು ಬರೆದಿದ್ದೀರಲ್ಲ, ಅದನ್ನು ನಾನು ಹಗುರವಾಗಿ ಬಿಡಲಾರೆ. ಇದಕ್ಕೆ ಸಭೆಯ ಇತಿಹಾಸದಲ್ಲಿ ಹಳೆಯ ಹೆಸರೊಂದಿದೆ, ಸ್ಕ್ರೂಪಲ್. ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ ಚೂಪಾದ ಸಣ್ಣ ಕಲ್ಲು. ಚಪ್ಪಲಿಯೊಳಗೆ ಸೇರಿದ ಹರಳು ಅಂದುಕೊಳ್ಳಿ, ನೋಡಲಿಕ್ಕೆ ಏನೂ ಅಲ್ಲ, ನಡೆಯಲಿಕ್ಕೆ ಬಿಡುವುದಿಲ್ಲ. ಮುಂದೆ ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರ್ 1505ರಲ್ಲಿ ಮಠ ಸೇರಿದ ಮೇಲೆ ತಮ್ಮ ಗುರು ಸ್ಟೌಪಿಟ್ಸ್ ಎದುರು ಕೆಲವೊಮ್ಮೆ ಆರು ತಾಸಿನವರೆಗೂ ಪಾಪನಿವೇದನೆ ಮಾಡುತ್ತಿದ್ದರಂತೆ. ಮುಗಿಸಿ ಹೊರಗೆ ಬಂದರೆ ಮತ್ತೊಂದು ನೆನಪಾಗುತ್ತಿತ್ತು. ಇದು ಮಿತಿ ಮೀರಿದಾಗ ಒಬ್ಸೆಸಿವ್ ಕಂಪಲ್ಸಿವ್ ಡಿಸಾರ್ಡರ್, ಅಂದರೆ ಒಸಿಡಿಯ ಒಂದು ರೂಪವಾಗಿರಬಹುದು. ಕೈ ತೊಳೆದಷ್ಟೂ ಕೊಳೆ ಕಾಣುವವರಿದ್ದಾರಲ್ಲ, ಅದೇ ಕಾಯಿಲೆ ಆತ್ಮದ ವಿಷಯಕ್ಕೆ ಅಂಟಿಕೊಂಡಿರುತ್ತದೆ. ಪ್ರತಿ ಸಲ ಕ್ಷಮೆ ಕೇಳಿದಾಗ ಹತ್ತು ನಿಮಿಷ ಹಾಯೆನಿಸುತ್ತದೆ, ಆ ಹತ್ತು ನಿಮಿಷದ ಹಾಯೇ ಚಕ್ರವನ್ನು ಮತ್ತೆ ತಿರುಗಿಸುತ್ತದೆ. ಹಾಗಾಗಿ 'ಇನ್ನೂ ಜಾಸ್ತಿ ಪ್ರಾರ್ಥನೆ ಮಾಡು' ಎಂಬ ಹಿರಿಯರ ಸಲಹೆ, ಅವರ ಮನಸ್ಸು ಒಳ್ಳೆಯದೇ ಇರಬಹುದು, ನಿಮ್ಮ ಮಟ್ಟಿಗೆ ಕೆರೆದು ಹುಣ್ಣು ಮಾಡಿಕೊಳ್ಳುವ ಸಲಹೆ. ನಿಮಗೆ ಒಸಿಡಿ ಇದೆ ಎಂದು ನಾನು ಪತ್ರ ನೋಡಿ ಹೇಳುವಂತಿಲ್ಲ. ಆದರೆ ಈ ಎದ್ದು ಕೂರುವುದು ದಿನಕ್ಕೆ ಒಂದು ತಾಸು ತಿನ್ನುತ್ತಿದ್ದರೆ, ಅಥವಾ ತಡೆದುಕೊಂಡರೆ ಎದೆ ಬಡಿದುಕೊಳ್ಳುತ್ತಿದ್ದರೆ, ಮನೋವೈದ್ಯರನ್ನೋ ಕ್ಲಿನಿಕಲ್ ಸೈಕಾಲಜಿಸ್ಟರನ್ನೋ ಕಾಣಲೇಬೇಕು. ಅದಕ್ಕೆ ಚಿಕಿತ್ಸೆ ಇದೆ, ಚೆನ್ನಾಗಿ ಕೆಲಸ ಮಾಡುತ್ತದೆ. ಸಂಶಯ ಇದ್ದಹಾಗೇ ಇರಲಿ ಎಂದು ಬಿಟ್ಟು, ಎದ್ದು ಕೂರದೆ ಇರಲು ಮೆಲ್ಲಗೆ ಅಭ್ಯಾಸ ಮಾಡಿಸುತ್ತಾರೆ. ಶುರುವಿನಲ್ಲಿ ಕಳವಳ ಹೆಚ್ಚಾಗುತ್ತದೆ ಎಂಬುದನ್ನು ಮೊದಲೇ ತಿಳಿದುಕೊಂಡು ಹೋಗಿ.

ಕೌನ್ಸೆಲಿಂಗ್ ವಿಶ್ವಾಸದ ಕೊರತೆಯಾ ಎಂಬ ಪ್ರಶ್ನೆಗೆ ನಾನು ವಾದ ಮಾಡುವುದನ್ನು ಬಿಟ್ಟು ಪ್ರವಾದಿ ಎಲೀಯನ ಕಥೆಗೆ ಹೋಗುತ್ತೇನೆ. ನೀವು ಮಕ್ಕಳಿಗೆ ಕರ್ಮೆಲ್ ಬೆಟ್ಟದ ಬೆಂಕಿಯ ಕಥೆ ಹೇಳಿರುತ್ತೀರಿ. ಅದರ ಮುಂದಿನ ಅಧ್ಯಾಯವನ್ನು, ಒಂದನೆಯ ಅರಸುಗಳು 19ನ್ನು, ನಿಮಗಾಗಿ ಓದಿಕೊಳ್ಳಿ. ಅಷ್ಟು ದೊಡ್ಡ ಗೆಲುವಾದ ಮೇಲೆ ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಆತ ಓಡಿಹೋಗುತ್ತಾನೆ. ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಬಿಡು, ನಾನು ನನ್ನ ಪಿತೃಗಳಿಗಿಂತ ಉತ್ತಮನಲ್ಲ ಎನ್ನುತ್ತಾನೆ. ನೋಡಿ, ಎಲೀಯನಿಗೂ ಅದೇ ದನಿ. ಹೋಲಿಕೆ ಬೇರೆ ಮಾಡಿಕೊಳ್ಳುತ್ತಿದ್ದಾನೆ.

ದೇವರು ಆಗ ಏನು ಮಾಡಿದನು? ಉಪದೇಶ ಮಾಡಲಿಲ್ಲ. ನಿನ್ನೆ ತಾನೆ ಬೆಂಕಿ ಇಳಿಸಿ ತೋರಿಸಿದೆನಲ್ಲ, ನಿನ್ನ ವಿಶ್ವಾಸ ಎಲ್ಲಿ ಹೋಯಿತು ಎಂದು ಕೇಳಲಿಲ್ಲ. ಮಲಗಲು ಬಿಟ್ಟನು. ದೂತನೊಬ್ಬನು ಬಂದು ತಟ್ಟಿ ಎಬ್ಬಿಸಿ, ಎದ್ದು ತಿನ್ನು ಎಂದನು. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು. ಎಲೀಯ ತಿಂದು ಮತ್ತೆ ಮಲಗಿದನು, ಅದಕ್ಕೂ ಆಕ್ಷೇಪ ಇಲ್ಲ. ಎರಡನೆಯ ಸಲ ಎಬ್ಬಿಸಿ, ಇನ್ನೂ ತಿನ್ನು, ನಿನ್ನ ಶಕ್ತಿಗೆ ಮೀರಿದ ದಾರಿ ಇದೆ ಎನ್ನುತ್ತಾನೆ ದೂತ. ಆತನಿಗೆ ದಾರಿ ಕಷ್ಟ ಎಂದು ದೇವರೇ ಒಪ್ಪಿಕೊಂಡ ಹಾಗಾಯಿತು. ನಲವತ್ತು ದಿನ ನಡೆದು ಹೋರೇಬಿಗೆ ಬಂದ ಮೇಲೆ, ಇಲ್ಲೇನು ಮಾಡುತ್ತೀ ಎಂದು ಎರಡು ಸಲ ಕೇಳುತ್ತಾನೆ. ಎರಡು ಸಲವೂ ಎಲೀಯ ಅದೇ ದೂರನ್ನು ಹೇಳುತ್ತಾನೆ, ನಾನೊಬ್ಬನೇ ಉಳಿದಿದ್ದೇನೆ ಅಂತ. ಎರಡು ಸಲವೂ ಪೂರ್ತಿ ಹೇಳಲು ಬಿಡುತ್ತಾನೆ. ಕಡೆಯಲ್ಲಿ, ಒಬ್ಬನೇ ಅಲ್ಲ, ಇನ್ನೂ ಏಳು ಸಾವಿರ ಮಂದಿ ಇದ್ದಾರೆ ಎಂದು ಸುಳ್ಳು ಲೆಕ್ಕವನ್ನು ತಿದ್ದುತ್ತಾನೆ, ಜೊತೆಗೆ ಎಲೀಷನನ್ನು ಕೊಡುತ್ತಾನೆ. ನಿದ್ರೆ, ಊಟ, ಕೇಳುವ ಕಿವಿ, ತಪ್ಪು ಲೆಕ್ಕದ ತಿದ್ದುಪಡಿ, ಜೊತೆಗೊಬ್ಬ ಮನುಷ್ಯ. ನನ್ನ ಕೋಣೆಯಲ್ಲಿ ನಾನು ಮಾಡುವುದೂ ಇದೇ, ಇದೇ ಕ್ರಮದಲ್ಲಿ. ಬೆಂಕಿಯಲ್ಲಿ, ಭೂಕಂಪದಲ್ಲಿ ದೇವರು ಇರಲಿಲ್ಲ, ದೇವರು ಮಾತಾಡಿದ್ದು ಮೆಲುದನಿಯಲ್ಲಿ ಎಂಬುದನ್ನೂ ಗಮನಿಸಿ. ಕೂಗಾಡುವ ದನಿಯನ್ನು ದೇವರದ್ದು ಎಂದುಕೊಳ್ಳುವ ಮೊದಲು ಈ ಅಧ್ಯಾಯ ನೆನಪಿರಲಿ.

ಹಾಗಾದರೆ ವಿಶ್ರಾಂತಿ? ನಿಮಗೆ ಅಳು ಬರಿಸುವ ಆ ವಚನವನ್ನು, ಮತ್ತಾಯ 11:28ನ್ನು, ಮುಂದಿನೆರಡು ಸಾಲಿನ ಜೊತೆ ಓದಿ. ಹೊರೆ ಇಳಿಸುತ್ತೇನೆ ಎಂದವನು ಅದೇ ಉಸಿರಿನಲ್ಲಿ 'ನನ್ನ ನೊಗವನ್ನು ತೆಗೆದುಕೊಳ್ಳಿ' ಎನ್ನುತ್ತಾನೆ. ವಿಚಿತ್ರ ಅಲ್ವಾ? ದಣಿದ ಎತ್ತಿಗೆ ಮತ್ತೊಂದು ನೊಗ! ಆದರೆ 'ನನ್ನ ನೊಗ ಮೃದು' ಎನ್ನುವಲ್ಲಿರುವ ಗ್ರೀಕ್ ಪದ ಕ್ರೆಸ್ಟೋಸ್, ಒಳ್ಳೆಯದು, ಹಿತವಾದದ್ದು ಎಂಬ ಅರ್ಥದ್ದು. ಹೆಗಲಿಗೆ ಕೂಡದ ನೊಗ ಖಾಲಿ ಗಾಡಿಯಲ್ಲೂ ಹುಣ್ಣು ಮಾಡುತ್ತದೆ. ಕೂಡಿದ ನೊಗದಲ್ಲಿ ಎಳೆಯಬಹುದು. ಅಂದರೆ ಯೇಸು ಮಾತು ಕೊಟ್ಟಿರುವುದು ಹೊರೆಯೇ ಇಲ್ಲದ, ಪೂರ್ತಿ ನಿಶ್ಶಬ್ದವಾದ ಒಂದು ಸ್ಥಿತಿಯನ್ನಲ್ಲ. ಯಾರ ಜೊತೆ, ಯಾರ ಕೈಕೆಳಗೆ ನಡೆಯುತ್ತೀರಿ ಎಂಬುದು ಬದಲಾಗುತ್ತದೆ. ನೀವು ಇಷ್ಟು ದಿನ ಕೆಲಸ ಮಾಡಿದ್ದು ಬೈಯುವ ಯಜಮಾನನ ಕೈಕೆಳಗೆ. ಈತನು ತನ್ನನ್ನು ಸಾತ್ವಿಕನು, ದೀನಮನಸ್ಸುಳ್ಳವನು ಎಂದು ಪರಿಚಯ ಮಾಡಿಕೊಳ್ಳುತ್ತಾನೆ.

ಆದಿಕಾಂಡದ ಲೆಕ್ಕ ನನಗೆ ಬಹಳ ಇಷ್ಟ. ಮನುಷ್ಯನನ್ನು ಉಂಟುಮಾಡಿದ್ದು ಆರನೆಯ ದಿನ. ಅಂದರೆ ಅವನು ಕಣ್ಣುಬಿಟ್ಟು ಕಂಡ ಮೊದಲ ಪೂರ್ತಿ ದಿನವೇ ವಿಶ್ರಾಂತಿಯ ದಿನ. ಇನ್ನೂ ಒಂದು ಕಡ್ಡಿ ಅಲುಗಿಸಿರಲಿಲ್ಲ, ಸಂಬಳದ ಹಾಗೆ ಗಳಿಸಿದ್ದಲ್ಲ. ಅಲ್ಲಿ ದಿನ ಶುರುವಾಗುವುದೂ ಸಾಯಂಕಾಲದಿಂದ, ಮೊದಲು ಮಲಗು, ಆಮೇಲೆ ಏಳು ಎನ್ನುವ ಹಾಗೆ. ಇದನ್ನು ಹಾಸಿಗೆಗೆ ತಂದರೆ, ದನಿ 'ನೀನು ಕಪಟಿ' ಎಂದಾಗ ಅದರ ಜೊತೆ ಕಟ್ಟೆಪಂಚಾಯಿತಿಗೆ ಕೂರಬೇಡಿ. ಗೆಲ್ಲಬೇಕಿಲ್ಲ. 'ಕೇಳಿಸಿತು. ಇದನ್ನು ತೀರ್ಮಾನಿಸುವವನು ನಾನಲ್ಲ, ನೀನೂ ಅಲ್ಲ. ಈಗ ಮಲಗುತ್ತೇನೆ' ಎಂದು ಮಗ್ಗುಲು ಬದಲಿಸಿ. ಅದು ಹಿಂದೆ ಗೊಣಗುತ್ತಿರಲಿ. ಮೊದಲ ನಾಲ್ಕೈದು ರಾತ್ರಿ ಇದು ಸುಳ್ಳು ನಟನೆ ಅನ್ನಿಸುತ್ತದೆ. ಒಂದನೆಯ ಯೋಹಾನ 3:20 ಇಂಥ ರಾತ್ರಿಗೆಂದೇ ಬರೆದ ಹಾಗಿದೆ: ನಮ್ಮ ಹೃದಯವೇ ನಮ್ಮನ್ನು ದೋಷಿ ಎಂದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು, ಎಲ್ಲವನ್ನೂ ಬಲ್ಲವನು.

ದನಿಯನ್ನು ಯೇಸುವಿನ ಹೆಸರಿನಲ್ಲಿ ಗದರಿಸಿ ಓಡಿಸಬಹುದಲ್ಲ ಎಂದು ನಿಮಗೆ ಯಾರಾದರೂ ಹೇಳಿಯೇ ಇರುತ್ತಾರೆ. ಅದರಲ್ಲಿ ಒಂದು ತೊಡಕಿದೆ. 1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞರು ಜನರಿಗೆ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಎಂದರು, ಕರಡಿ ಬಂದೇ ಬಂತು, ಆಮೇಲಂತೂ ಇನ್ನೂ ಜಾಸ್ತಿ ಬಂತು. ಯೋಚನೆಗಳನ್ನು ಸೆರೆಹಿಡಿದು ಕ್ರಿಸ್ತನಿಗೆ ಒಪ್ಪಿಸಿ ಎಂಬ ಪೌಲನ ಮಾತನ್ನು ಓಡಿಸುವುದಕ್ಕೆ ಬಳಸುತ್ತೇವೆ. ಸೆರೆಹಿಡಿಯಬೇಕಾದರೆ ಮೊದಲು ಮುಖ ನೋಡಬೇಕು. ಅದಕ್ಕೆ ಹಗಲಿನಲ್ಲಿ, ರಾತ್ರಿಯಲ್ಲ, ಒಂದು ನೋಟ್‌ಬುಕ್ಕಿನಲ್ಲಿ ಆ ವಾಕ್ಯವನ್ನು ಇದ್ದ ಹಾಗೇ ಬರೆಯಿರಿ. ಅದರ ಕೆಳಗೆ, ನಡೆದದ್ದೇನು ಎಂದು ಬರೆಯಿರಿ, ವಿಶೇಷಣಗಳಿಲ್ಲದೆ. 'ಕಪಟಿ' ಬೇಡ, 'ಬರುತ್ತೇನೆಂದು ಹೇಳಿ ಮರೆತೆ' ಸಾಕು. ಆಮೇಲೆ ನಿಮ್ಮ ಹೆಸರು ಹಿಡಿದು ನಿಮಗೇ ಎರಡು ಸಾಲು ಬರೆಯಿರಿ. ಇದು ಹೊಸ ತಂತ್ರ ಅಲ್ಲ. ಕೀರ್ತನೆ 42 ಮತ್ತು 43ರಲ್ಲಿ ಮೂರು ಸಲ ಕೀರ್ತನಕಾರ ತನ್ನ ಮನಸ್ಸನ್ನೇ ಎದುರಿಗೆ ಕೂರಿಸಿಕೊಂಡು, ಯಾಕೆ ಕುಗ್ಗಿಹೋಗಿದ್ದೀ, ದೇವರನ್ನು ನಿರೀಕ್ಷಿಸು ಎಂದು ಮಾತಾಡಿಸುತ್ತಾನೆ. 2014ರಲ್ಲಿ ಈಥನ್ ಕ್ರಾಸ್ ಮತ್ತು ಸಂಗಡಿಗರ ಪ್ರಯೋಗಗಳಲ್ಲೂ 'ನಾನು' ಎನ್ನುವ ಬದಲು ತಮ್ಮ ಹೆಸರು ಹಿಡಿದು ತಮ್ಮೊಂದಿಗೆ ಮಾತಾಡಿಕೊಂಡವರಿಗೆ ಕಳವಳ ಕಡಿಮೆಯಿತ್ತು. ಇದರ ಅಪಾಯವೆಂದರೆ ಬರೆಯುವುದೂ ಗಾಣವಾಗಬಹುದು. ಹತ್ತು ನಿಮಿಷಕ್ಕೆ ಪುಸ್ತಕ ಮುಚ್ಚಿ. ಮತ್ತೆ ಮತ್ತೆ ಕ್ಷಮೆ ಕೇಳುವ ಚಟ ಜೋರಾಗಿದ್ದರೆ ಈ ಅಭ್ಯಾಸವೇ ಬೇಡ, ಚಿಕಿತ್ಸಕರು ಹೇಳಿದ್ದನ್ನು ಮಾಡಿ.

ವಚನ ಬಾಯಿಪಾಠ ಮಾಡುವುದು ಒಳ್ಳೆಯದೇ, ಒಂದೇ ವಚನ ಸಾಕು. ಕ್ರಿಸ್ತನಲ್ಲಿರುವವರಿಗೆ ದಂಡನೆಯ ತೀರ್ಪು ಈಗ ಇಲ್ಲ ಎಂಬ ರೋಮಾಪುರದವರಿಗೆ ಬರೆದ 8:1 ಇರಲಿ. ಆದರೆ ಭಯ ಬಂದಾಗಲೆಲ್ಲ ಇಪ್ಪತ್ತು ಸಲ ಹೇಳುವುದಾದರೆ ಅದು ಮಂತ್ರವಾಗುತ್ತದೆ. ವಾರದಲ್ಲಿ ಒಂದು ದಿನ, ಆಗದಿದ್ದರೆ ಅರ್ಧ ದಿನ, ಯಾರಿಗೂ ಉಪಯೋಗವಾಗದೆ ಇರಿ. ಭಾನುವಾರ ಪಾಠ ಮಾಡುವವರಿಗೆ ಭಾನುವಾರ ವಿಶ್ರಾಂತಿಯಲ್ಲ, ಅದೂ ಕೆಲಸ. ಬೇರೆ ದಿನ ಆರಿಸಿ. ಆ ದಿನದ ನಿಯಮಗಳ ಪಟ್ಟಿ ಮಾಡಲು ಹೊರಟಿರೋ, ಮತ್ತೆ ದನಿಗೆ ಕೆಲಸ ಕೊಟ್ಟ ಹಾಗೆ.

ಯಾರಾದರೂ ಒಬ್ಬರಿಗೆ ಹೇಳಿಕೊಳ್ಳಿ. ಸಭಾಪಾಲಕರಾಗಲಿ, ಹಿರಿಯ ಅಕ್ಕನಾಗಲಿ, ಫಾದರ್ ಆಗಲಿ. ಅಪಾಯ ನಿಮಗೆ ಗೊತ್ತೇ ಇದೆ, ಗಾಯದ ಮೇಲೆ ಬರೆ ಎಳೆಯುವವರೂ ಸಿಗುತ್ತಾರೆ. ಮೊದಲು ಒಂದು ಸಣ್ಣ ವಿಷಯ ಹೇಳಿ ನೋಡಿ. ಪೂರ್ತಿ ಕೇಳುವ ಮೊದಲೇ ಸಲಹೆ ಬಂದರೆ ದೊಡ್ಡದನ್ನು ಅಲ್ಲಿ ಬಿಚ್ಚಬೇಡಿ. ಕೌನ್ಸೆಲರ್ ಕ್ರೈಸ್ತರೇ ಆಗಿರಬೇಕೆಂದಿಲ್ಲ, ನಿಮ್ಮ ನಂಬಿಕೆಯನ್ನು ಕಾಯಿಲೆ ಎಂದು ನೋಡದವರಾದರೆ ಸಾಕು. ಮೊದಲ ಭೇಟಿಯಲ್ಲೇ ಇದನ್ನು ಬಾಯಿಬಿಟ್ಟು ಕೇಳಬಹುದು. ಮೊದಲ ಕೆಲವು ವಾರ ಹಳೆಯದೆಲ್ಲ ಮೇಲೆ ಬಂದು ನೋವು ಹೆಚ್ಚಾದ ಹಾಗೆ ಅನ್ನಿಸಬಹುದು. ಎರಡು ವಾರಕ್ಕಿಂತ ಜಾಸ್ತಿ ದಿನ ಮನಸ್ಸು ಮಂಕಾಗಿದ್ದು, ಯಾವುದರಲ್ಲೂ ರುಚಿಯಿಲ್ಲದೆ, ನಿದ್ರೆ ಹಸಿವು ಕೆಟ್ಟಿದ್ದರೆ ಅದು ಖಿನ್ನತೆ ಇರಬಹುದು, ಆಗ ವೈದ್ಯರು ಮಾತ್ರೆ ಬರೆಯಬಹುದು. ಅದರ ಗುಣ ಕಾಣಲು ಕೆಲವು ವಾರ ಬೇಕು, ಶುರುವಿನಲ್ಲಿ ಹೊಟ್ಟೆ ತೊಳಸುವುದು ಉಂಟು, ಚೆನ್ನಾಗಿದ್ದೇನೆ ಎಂದು ತಾನಾಗಿ ಥಟ್ಟನೆ ನಿಲ್ಲಿಸಬಾರದು. ಪೌಲನ ಜೊತೆಗಿದ್ದ ಲೂಕನೂ ವೈದ್ಯನೇ, ಆ ಬಗ್ಗೆ ಪೌಲ ಎಲ್ಲೂ ನಾಚಿಕೊಂಡಿಲ್ಲ.

ದನಿ ಎಂದಾದರೂ 'ನೀನು ಇರುವುದೇ ಬೇಡ' ಎನ್ನುವ ಕಡೆ ತಿರುಗಿದರೆ ಕಾಯಬೇಡಿ. ಅದೇ ರಾತ್ರಿ ಮನೆಯವರನ್ನು ಎಬ್ಬಿಸಿ, ಒಂಟಿಯಾಗಿರಬೇಡಿ, ಸಹಾಯವಾಣಿಗೆ ಕರೆ ಮಾಡಿ ಇಲ್ಲವೇ ಆಸ್ಪತ್ರೆಗೆ ಹೋಗಿ. ಎಲೀಯನೂ ಆ ಮಾತು ಆಡಿದ್ದ, ಅವನನ್ನು ದೇವರು ಕೈಬಿಡಲಿಲ್ಲ.

ಸಂಡೇ ಸ್ಕೂಲ್ ಪಾಠವನ್ನು ಒಂದೆರಡು ತಿಂಗಳು ಬೇರೆಯವರಿಗೆ ಕೊಟ್ಟರೆ ಹೇಗೆ ಎಂದು ಯೋಚಿಸಿ. ಶಿಕ್ಷೆಯಾಗಿ ಅಲ್ಲ, ಭಾರ ಇಳಿಸಲಿಕ್ಕೆ. ಮಕ್ಕಳ ಜೊತೆ ಇದ್ದಾಗ ಮಾತ್ರ ಉಸಿರಾಡಿದ ಹಾಗಾಗುತ್ತದೆ ಎನ್ನುವುದಾದರೆ ಬಿಡಬೇಡಿ, ಅದು ನಿಮಗೇ ಗೊತ್ತು.

ನಿಮ್ಮ ಗೆಳತಿಗೆ ನಾಳೆ ಫೋನ್ ಮಾಡಿ. ಐದನೆಯ ಸಲ ಕ್ಷಮೆ ಕೇಳಬೇಡಿ. ಹೇಗಿದ್ದೀ, ಔಷಧ ಹಿಡಿಸುತ್ತಿದೆಯಾ, ರಾತ್ರಿ ನಿದ್ರೆ ಬರುತ್ತಾ ಅಂತ ಕೇಳಿ. ಅವರು ಕೇಳಿದರೆ, ನನಗೂ ಸರಿಯಾಗಿ ಬರುತ್ತಿಲ್ಲ ಎಂದು ಹೇಳಿ.